ಹೆಂಡತಿಯ ಸ್ಕೂಟರಿನ ಹಿಂದಿನ ಸೀಟು

ಚಕ್ರಗಳು ಕಡಿಮೆಯಾದಷ್ಟೂ ಹೆದರಿಕೆ ಹೆಚ್ಚಾಗುತ್ತದೆ ಎಂಬುದು ನನ್ನ ಅನುಭವ. ನಾನು ಹತ್ತು ಚಕ್ರದ ಲಾರಿ ಓಡಿಸುವವನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಲಾರಿ ಹತ್ತಿದವನು ಇಷ್ಟು ವರ್ಷ ಅನ್ನ ತಿಂದದ್ದು ಸ್ಟೇರಿಂಗಿನಿಂದಲೇ. ಯಾರ ಮುಂದೆಯೂ ಕೈ ಚಾಚಿಲ್ಲ. ಕಶೇಡಿ ಘಾಟಿಯಲ್ಲಿ ಎದುರಿನ ಗಾಡಿಯ ದೀಪವೂ ಕಾಣದಂತೆ ಮಂಜು ಮುಚ್ಚಿದಾಗ ಹಂಚಿನ ಲೋಡು ಹೊತ್ತು ಇಳಿದಿದ್ದೇನೆ. ಶಿರಾಡಿಯಲ್ಲಿ ಬ್ರೇಕು ಕೈಕೊಟ್ಟಾಗ ಗೇರಿನಲ್ಲೇ ಲಾರಿಯನ್ನು ಹಿಡಿದು ನಿಲ್ಲಿಸಿ, ಇಳಿದು ಚಾ ಕುಡಿದಿದ್ದೇನೆ. ಆ ಚಾ ಅರ್ಧಕ್ಕರ್ಧ ಅಂಗಿಯ ಮೇಲೆ ಚೆಲ್ಲಿತ್ತು ಎನ್ನುವುದನ್ನು ಮಾತ್ರ ಇದುವರೆಗೆ ಯಾರಿಗೂ ಹೇಳಿರಲಿಲ್ಲ. ಅಂಥ ನಾನು ಎರಡು ಚಕ್ರದ ಸ್ಕೂಟರು ಕಂಡು ಹೆದರಿದೆ. ಅದೂ ನಿಂತ ಸ್ಕೂಟರು. ಅದೂ ಕಿರಿಮಂಜೇಶ್ವರದ ನಮ್ಮ ಮನೆಯ ಅಂಗಳದಲ್ಲಿ.

ನಾವು ಲಾರಿಯವರು ಒಂದೂವರೆ ತಿಂಗಳಿಗೊಮ್ಮೆ ಐದು ದಿನಕ್ಕೆ ಮನೆಗೆ ಬರುವವರು. ನಮ್ಮ ಮನೆಗಳಲ್ಲೊಂದು ಕ್ರಮವಿದೆ: ಗಾಡಿ ಓಡಿಸುವವನಿಗೆ ಫೋನಿನಲ್ಲಿ ತಲೆಬಿಸಿಯ ಸುದ್ದಿ ಹೇಳಬಾರದು. ಹೀಗಾಗಿ ಅಮ್ಮ ಆಸ್ಪತ್ರೆ ಸೇರಿದ್ದು ನನಗೆ ತಿಳಿದದ್ದು ಅವಳು ಹುಷಾರಾಗಿ ಮನೆಗೆ ಬಂದು ಮೀನು ಸಾರು ಮಾಡಿ ಬಡಿಸುವಾಗ. ಹಟ್ಟಿಯ ದನ ಮಾರಿದ್ದು ತಿಳಿದದ್ದು ಹುಲ್ಲು ಹಿಡಿದುಕೊಂಡು ಹಟ್ಟಿಗೆ ಹೋದಾಗ. ಸ್ಕೂಟರಿನ ಸುದ್ದಿಯೂ ಹಾಗೆಯೇ ಅಂಗಳದಲ್ಲಿ ನಿಂತು ನನಗಾಗಿ ಕಾಯುತ್ತಿತ್ತು.

"ಎಂತಾ ಇದ್?" ಎಂದೆ.

"ಸ್ಕೂಟರ್. ಲಾರಿ ಬಿಡೋರಿಗೆ ಗೊತ್ತಾತಿಲ್ಯಾ?" ಎಂದಳು ನನ್ನ ಹೆಂಡತಿ ಸುಜಾತ.

ಅವಳಿಗೆ ತ್ರಾಸಿಯಲ್ಲಿ ಒಂದು ಹೊಲಿಗೆ ಅಂಗಡಿಯಿದೆ. ಬಸ್ಸಿಗೆ ಕಾದು ಕಾದು ಸಾಕಾಗಿ, ನಾನು ಗುಜರಾತಿನಲ್ಲಿದ್ದಾಗ ಎರಡು ವಾರದಲ್ಲಿ ಸ್ಕೂಟರು ಕಲಿತು, ಲೈಸೆನ್ಸನ್ನೂ ಮಾಡಿಸಿಕೊಂಡು, ಹೈವೇಯಲ್ಲಿ ದಿನಾ ಹೋಗಿ ಬರುತ್ತಿದ್ದಳು. ಬೇರೆ ಗಂಡಸರಾದರೆ ಹೆಮ್ಮೆಪಡುತ್ತಿದ್ದರೋ ಏನೋ. ನನಗೆ ಹೆದರಿಕೆಯಾಯಿತು. ಯಾಕೆಂದರೆ ಲಾರಿಯ ಕ್ಯಾಬಿನ್ನಿನಲ್ಲಿ ಕೂತವನಿಗೆ ಸ್ಕೂಟರು ಹೇಗೆ ಕಾಣುತ್ತದೆ ಎಂದು ನನಗೆ ಗೊತ್ತು. ಎಡಗಡೆಯ ಕನ್ನಡಿಯಲ್ಲಿ ಒಂದು ಬಣ್ಣದ ಚುಕ್ಕಿ ಕಾಣುತ್ತದೆ. ಹತ್ತಿರ ಬಂದಂತೆ ದೊಡ್ಡದಾಗುತ್ತದೆ. ಆಮೇಲೆ ಇರುವುದೇ ಇಲ್ಲ. ಎಲ್ಲಿಗೂ ಹೋಗಿರುವುದಿಲ್ಲ, ನಮ್ಮ ಚಕ್ರದ ಪಕ್ಕದಲ್ಲೇ ಇರುತ್ತದೆ, ನಮಗೆ ಮಾತ್ರ ಕಾಣುವುದಿಲ್ಲ. ಆ ಚುಕ್ಕಿಗೆ ಈಗ ನನ್ನ ಹೆಂಡತಿಯ ಮುಖ ಬಂದುಬಿಟ್ಟಿತು.

ಐದು ದಿನದೊಳಗೆ ಈ ಸ್ಕೂಟರಿನ ಸಹವಾಸ ಬಿಡಿಸಿಯೇ ಲಾರಿ ಹತ್ತುವುದು ಎಂದು ತೀರ್ಮಾನಿಸಿದೆ. ಆದರೆ ಹೆದರಿಕೆಯಾಗುತ್ತದೆ ಎಂದು ಬಾಯಿಬಿಟ್ಟು ಹೇಳುವುದು ಹೇಗೆ? ಊರಿನಲ್ಲಿ ನನಗೊಂದು ಮರ್ಯಾದೆಯಿದೆ. ಆದ್ದರಿಂದ ಮೊದಲ ದಿನ ಟಯರು ಸರಿಯಿಲ್ಲ ಎಂದೆ. ಎರಡನೆಯ ದಿನ ಇಂಜಿನಿನ ಸದ್ದು ಸರಿಯಿಲ್ಲ ಎಂದೆ. ಮೂರನೆಯ ದಿನ ಬ್ರೇಕಿನ ಬಗ್ಗೆ ಅರ್ಧ ಗಂಟೆ ಮಾತಾಡಿದೆ. ಸುಜಾತ ಕೀ ತಂದು ಕೈಗಿಟ್ಟು, "ಅಷ್ಟೆಲ್ಲ ಗೊತ್ತಿದ್ರೆ ನೀವೇ ಒಂದ್ ರೌಂಡ್ ಬಿಟ್ಕಂಡ್ ಬನಿ ಕಾಂಬ" ಎಂದಳು. ಬೆನ್ನು ನೋವೆಂದು ಒಳಗೆ ಹೋಗಿ ಮಲಗಿದೆ. ನನಗೆ ಎರಡು ಚಕ್ರದ್ದು ಯಾವುದೂ ಬರುವುದಿಲ್ಲ, ಸೈಕಲ್ಲೂ ಸೇರಿ. ಸೈಕಲ್ಲು ಕಲಿಯುವ ವಯಸ್ಸಿಗೆ ನಾನು ಲಾರಿ ತೊಳೆಯುತ್ತಿದ್ದೆ.

ಐದನೆಯ ದಿನ ಬೆಳಿಗ್ಗೆ ಹೊರಡಬೇಕಿತ್ತು. ಲಾರಿ ಹೆಮ್ಮಾಡಿಯ ಗ್ಯಾರೇಜಿನಲ್ಲಿತ್ತು. ಬಸ್ಸಿಗೆ ಹೋಗುತ್ತೇನೆ ಎಂದರೆ ಸುಜಾತ ಬಿಡಲಿಲ್ಲ. "ಮನಿಯಂಗೆ ಗಾಡಿ ಇಟ್ಕಂಡ್ ಗಂಡನ್ನ ಬಸ್ಸಿಗೆ ಕಳ್ಸಿರೆ ಊರರ್ ಎಂತ ಹೇಳುದಿಲ್ಲೆ? ಕೂಕಣಿ" ಎಂದಳು. ಚೀಲ ತೊಡೆಯ ಮೇಲಿಟ್ಟುಕೊಂಡು ಕೂತೆ.

ಮನೆಯಿಂದ ಹೈವೇಗೆ ಬರುವಷ್ಟರಲ್ಲಿ ನನ್ನ ಬಲಗಾಲು ತಾನಾಗಿಯೇ ಬ್ರೇಕು ಒತ್ತತೊಡಗಿತು. ಅಲ್ಲಿ ಬ್ರೇಕಿರಲಿಲ್ಲ, ಕಾಲಿಡುವ ಕಡ್ಡಿ ಮಾತ್ರ. ನಾವುಂದ ಬರುವಾಗ ಮೀನಖಂಡ ಸೆಟೆದುಕೊಂಡಿತ್ತು. ಬಾಯಿಯೂ ನನ್ನ ಮಾತು ಕೇಳುವುದನ್ನು ಬಿಟ್ಟಿತು. "ಬರ್ಲಿ, ಬರ್ಲಿ, ಎಡ ಇತ್ತ್, ಬಸ್ಸ್ ಬಂತ್, ಹೋಯ್ಲಿ ಹೋಯ್ಲಿ" ಎಂದು ಲಾರಿಯ ಕ್ಲೀನರಿನ ಹಾಗೆ ನಾನು ಕೂಗುತ್ತಿದ್ದರೆ ಬಸ್‌ಸ್ಟ್ಯಾಂಡಿನಲ್ಲಿ ನಿಂತವರೆಲ್ಲ ತಿರುಗಿ ನೋಡುತ್ತಿದ್ದರು.

ಲಾರಿಯವರಲ್ಲಿ ಒಂದು ರೂಢಿಯಿದೆ. ಕ್ಲೀನರು ಕೆಳಗಿನಿಂದ ಲಾರಿಯ ಬಾಡಿಯ ಮೇಲೆ ಒಂದು ಸಲ ಬಡಿದರೆ ನಿಲ್ಲಿಸು, ಎರಡು ಸಲ ಬಡಿದರೆ ಹೋಗು ಎಂದರ್ಥ. ಮರವಂತೆಯ ಹತ್ತಿರ, ಬಲಗಡೆ ಕಡಲು, ಎಡಗಡೆ ಹೊಳೆ, ನಡುವೆ ರಸ್ತೆ ಬಿಟ್ಟರೆ ಬೇರೆ ಜಾಗವೇ ಇಲ್ಲದಲ್ಲಿ, ಎದುರಿನಿಂದ ಎರಡು ಬಸ್ಸು ಪಂದ್ಯ ಕಟ್ಟಿಕೊಂಡು ಬಂದವು. ನನ್ನ ಕೈ ಮೇಲೆದ್ದು ಎದುರಿಗೆ ಸಿಕ್ಕಿದ್ದಕ್ಕೆ ಒಂದು ಬಡಿಯಿತು. ಸಿಕ್ಕಿದ್ದು ಅವಳ ಹೆಲ್ಮೆಟ್ಟು.

ಸ್ಕೂಟರು ನಿಂತಿತು.

"ಹ್ವಾಯ್, ನನ್ ತಲಿ ಎಂತ ಲಾರಿ ಬಾಡಿಯಾ?" ಎಂದಳು ಸುಜಾತ. "ಬಾಯ್ ಮುಚ್ಕಂಡ್ ಕೂಕಂಬುದಾರೆ ಕೂಕಣಿ. ಇಲ್ದಿದ್ರೆ ಇಳ್ಕಣಿ."

ಇಳಿದೆ. ಇಷ್ಟು ವರ್ಷದಲ್ಲಿ ಗಾಡಿಯಿಂದ ಇಳಿ ಎಂದು ನನಗೆ ಯಾರೂ ಹೇಳಿರಲಿಲ್ಲ. ಚೀಲ ಹೆಗಲಿಗೇರಿಸಿ, ಕಡಲು ನೋಡಲು ಬಂದವನ ಹಾಗೆ ಮುಖ ಮಾಡಿಕೊಂಡು ನಡೆಯತೊಡಗಿದೆ. ಹತ್ತು ಮಾರು ಹೋಗುವಷ್ಟರಲ್ಲಿ ಪಕ್ಕದಲ್ಲೊಂದು ಲಾರಿ ನಿಂತಿತು. ಬೈಂದೂರಿನ ಶೀನ, ನನ್ನ ಜೊತೆಯಲ್ಲೇ ಕೆಲಸ ಕಲಿತವನು.

"ಮಂಜಣ್ಣ, ನಡ್ಕಂಡ್ ಎಲ್ಲಿಗ್ ಹೋಪುದ್? ಹತ್ತಿ ಮಾರಾಯ್ರೆ!"

ಹತ್ತಿ ಕೂತೆ. ಆ ಎತ್ತರ, ಆ ಡೀಸೆಲ್ಲಿನ ವಾಸನೆ. ಜೀವ ಮರಳಿ ಬಂದಂತಾಯಿತು. ಶೀನ ಲಾರಿ ಎತ್ತಿದ. ಸುಜಾತ ಏನು ಮಾಡುತ್ತಿದ್ದಾಳೆಂದು ಎಡಗಡೆಯ ಕಿಟಕಿಯಿಂದ ಬಗ್ಗಿದೆ. ಅವಳು ಹಿಂದಿನಿಂದ ಬರುತ್ತಿದ್ದಳು. ನಾನು ಕೋಪದಲ್ಲಿ ಹೋದದ್ದು ಅವಳಿಗೂ ಸರಿಬಂದಿರಲಿಲ್ಲ ಎಂದು ಕಾಣುತ್ತದೆ, ಏನೋ ಹೇಳಲು ಎಡಬದಿಗೆ ಬಂದು, ಕೈಬೀಸುತ್ತ, ನಮ್ಮ ಹಿಂದಿನ ಚಕ್ರದ ಪಕ್ಕಕ್ಕೇ ಬಂದುಬಿಟ್ಟಳು. ಅಷ್ಟರಲ್ಲಿ ಎದುರಿನಿಂದ ಟ್ಯಾಂಕರು ಬಂತು. ಶೀನ ಕನ್ನಡಿ ನೋಡಿದ. ಕನ್ನಡಿಯಲ್ಲಿ ಏನೂ ಇರಲಿಲ್ಲ. ಸ್ಟೇರಿಂಗು ಎಡಕ್ಕೆ ಎಳೆದ.

ನಾನು ಕೂಗಿದ್ದು ಯಾವ ಭಾಷೆಯೋ ನನಗೆ ಗೊತ್ತಿಲ್ಲ. ಶೀನ ಬ್ರೇಕಿನ ಮೇಲೆ ನಿಂತೇಬಿಟ್ಟ. ಕೆಳಗೆ ಮರಳು ಕೆರೆದ ಸದ್ದಾಯಿತು. ಬಗ್ಗಿ ನೋಡಲು ಧೈರ್ಯ ಬರಲಿಲ್ಲ. ಆಮೇಲೆ ಸ್ಕೂಟರಿನ ಹಾರ್ನು ಎರಡು ಸಲ ಸಿಟ್ಟಿನಿಂದ ಕೂಗಿತು. ಅಷ್ಟು ಚಂದದ ಹಾರ್ನನ್ನು ನಾನು ಜನ್ಮದಲ್ಲಿ ಕೇಳಿಲ್ಲ.

"ಎಂತಾಯ್ತ್ ಮಂಜಣ್ಣ?"

"ಎಡಗಡಿ ಸ್ಕೂಟರ್ ಇತ್ತಲ್ದಾ!"

"ಅಷ್ಟೇಯಾ?" ಎಂದ ಶೀನ, ಅದು ಯಾರ ಸ್ಕೂಟರೆಂದು ತಿಳಿಯದೆ. "ಅವ್ರೇ ಕಂಡ್ಕಂಡ್ ಬರ್ಕ್ ಮಾರಾಯ್ರೆ. ನಾವ್ ಎಷ್ಟಂತ ಕಾಂಬುದ್?"

ಇಲ್ಲಿಂದ ಗುಜರಾತಿನವರೆಗಿನ ಚಾ ಅಂಗಡಿಗಳಲ್ಲಿ ಇದೇ ಮಾತನ್ನು ಕನ್ನಡದಲ್ಲಿ, ಹಿಂದಿಯಲ್ಲಿ, ಅರೆಬರೆ ಮರಾಠಿಯಲ್ಲಿ ಹೇಳಿ ನಗಿಸಿದವನು ನಾನು. ಚೀಲ ಎತ್ತಿಕೊಂಡು ಇಳಿದೆ.

ಸುಜಾತ ಮರಳಿನಲ್ಲಿ ಒಂದು ಕಾಲೂರಿ ನಿಂತಿದ್ದಳು. ಮುಖ ಬಿಳುಚಿತ್ತು; ಆದರೂ ಸೋತವಳ ಹಾಗೆ ಕಾಣಲಿಲ್ಲ. ನಾನು ಹಿಂದೆ ಹತ್ತಿ ಕೂತೆ. ಇನ್ನು ಓಡಿಸಬೇಡ ಎಂದು ಹೇಳಬೇಕೆಂದಿದ್ದೆ. ಅವಳಿಗೋ ಲಾರಿಯವರಿಗೋ, ಯಾರಿಗೆ ಹೇಳಬೇಕು ಎನ್ನುವುದೇ ಈಗ ಗೊಂದಲವಾಗಿತ್ತು. ತ್ರಾಸಿ ದಾಟಿತು, ಮುಳ್ಳಿಕಟ್ಟೆ ದಾಟಿತು. ನಾನು ಕಣ್ಣು ಮುಚ್ಚಿಕೊಂಡೇ ಇದ್ದೆ.

ಹೆಮ್ಮಾಡಿಯಲ್ಲಿ ಇಳಿಸಿ ಸುಜಾತ ಕೇಳಿದಳು: "ಅಷ್ಟ್ ಗತ್ತಂಗೆ ಲಾರಿ ಹತ್ತಿರಿ, ಮತ್ತೆ ಇಳ್ದದ್ ಎಂತಕ್ಕೆ?"

"ಆ ಶೀನಂದ್ ಡ್ರೈವಿಂಗ್ ಸಮ ಇಲ್ಲೆ" ಎಂದೆ.

ಪಾಪ, ಅವನ ಡ್ರೈವಿಂಗಿನಲ್ಲಿ ಹೊಸ ದೋಷವೇನೂ ಇರಲಿಲ್ಲ. ಥೇಟ್ ನನ್ನ ಹಾಗೆಯೇ ಓಡಿಸುತ್ತಿದ್ದ.