ಸೊನ್ನೆಯಿಂದ ಆರಂಭವಾದ ಲಾರಿ

ನನ್ನ ತಂಗಿಯ ಗಂಡನಿಗೆ ತಲೆ ಸರಿಯಿಲ್ಲವೆಂದು ನಮ್ಮ ಬಂಧುವರ್ಗದಲ್ಲಿ ಬಹುಕಾಲದಿಂದ ಒಂದು ಮಾತು ಚಲಾವಣೆಯಲ್ಲಿದೆ. ಏಳನೆಯ ತರಗತಿಗೆ ಶಾಲೆ ಬಿಟ್ಟು, ಉಳಿದುದನ್ನೆಲ್ಲ ಜಯನಗರದ ವಾಚನಾಲಯದ ಬೆಂಚಿನ ಮೇಲೆ ಕುಳಿತು ಕಲಿತವನು ನಾನು. ನಾಲ್ಕು ಜನ ಹೇಳಿದರೆಂಬ ಕಾರಣಕ್ಕೆ ಯಾವುದನ್ನೂ ಒಪ್ಪಿದವನಲ್ಲ. ಆದ್ದರಿಂದ ಈ ಮಾತನ್ನೂ ಖುದ್ದಾಗಿ ಪರೀಕ್ಷಿಸಿದೆ. ನಿಜವಾಗಿತ್ತು!

ಯಡಿಯೂರಿನಲ್ಲಿ ನನ್ನ ತಂಗಿ ಬಾಡಿಗೆಯ ಜಾಗದಲ್ಲಿ ಹೂಗಿಡಗಳ ನರ್ಸರಿ ನಡೆಸುತ್ತಿದ್ದಳು. ಜಾಗದ ಯಜಮಾನರು ಮನೆ ಕಟ್ಟಲು ಹೊರಟಾಗ, ಕುಂಡಗಳನ್ನೆಲ್ಲ ಉತ್ತರಹಳ್ಳಿಗೆ ಸಾಗಿಸಬೇಕಾಯಿತು. ಹಿಂದೊಮ್ಮೆ ಬಾಡಿಗೆ ಟೆಂಪೋದಲ್ಲಿ ಅರ್ಧ ಕುಂಡಗಳು ಒಡೆದಿದ್ದವು. ಆ ನೆಪದಲ್ಲಿ ತಂಗಿಯ ಗಂಡನಾದ ಈ ಮಹಾಶಯರು ಹದಿನೆಂಟು ವರ್ಷ ದುಡಿದ ಒಂದು ಸಣ್ಣ ಲಾರಿಯನ್ನೇ ಕೊಂಡುಬಿಟ್ಟರು.

ಸುದ್ದಗುಂಟೆಪಾಳ್ಯದ ಮಾರಾಟಗಾರ, "ಆಯಿಲ್ ಹೋದ ತಿಂಗ್ಳೇ ಚೇಂಜ್ ಮಾಡ್ಸಿದೀನಿ ಸಾರ್. ಬ್ರೇಕ್ ಸಖತ್ತಾಗಿದೆ. ಕಣ್ಮುಚ್ಕೊಂಡು ಓಡ್ಸಿ!" ಎಂದ.

"ನೀವು ಕಣ್ಮುಚ್ಕೊಂಡೇ ಓಡ್ಸಿದೀರ ಅಂತ ಗಾಡಿ ನೋಡಿದ್ರೇ ಗೊತ್ತಾಗುತ್ತೆ ಬಿಡಿ," ಎಂದರು ಇವರು.

ಹೊರಡುವಾಗ ಅವನು, "ಡೀಸೆಲ್ ಮುಳ್ಳು ಮಾತ್ರ ನಂಬ್ಬೇಡಿ ಸಾರ್, ಖಾಲಿಯಾದ್ರೂ ಅರ್ಧ ತೋರ್ಸುತ್ತೆ," ಎಂದು ಕೂಗಿ ಹೇಳಿದ. ಇವರು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು: "ನೋಡಿದ್ರಾ ಭಾವ? ನಂಬಿಕಸ್ಥ ಅನ್ನಿಸ್ಕೊಳ್ಳೋಕೆ ಇಲ್ಲದ ದೋಷ ಒಂದು ಹೇಳ್ತಿದಾನೆ!" ಇಂಥ ಸೂಕ್ಷ್ಮ ತರ್ಕಕ್ಕೆ ನಾನು ತಲೆದೂಗದಿರುವುದುಂಟೇ?

ಹಳೆಯ ಗಾಡಿಯ ಪೂರ್ವಚರಿತ್ರೆಯನ್ನು ಸಂಪೂರ್ಣವಾಗಿ ಅಳಿಸಿ, ಸೊನ್ನೆಯಿಂದ ಆರಂಭಿಸಬೇಕೆಂಬುದು ಇವರ ಸಿದ್ಧಾಂತ. ಎಂಜಿನ್ ಆಯಿಲ್, ಗೇರ್ ಆಯಿಲ್, ಬ್ರೇಕ್ ಆಯಿಲ್ ಎಲ್ಲವನ್ನೂ ಬಸಿದರು. ಫಿಲ್ಟರು, ಬೆಲ್ಟು, ರಬ್ಬರ್ ಪೈಪುಗಳೆಲ್ಲ ಹೊಸದಾದವು. ಪ್ರತಿಯೊಂದಕ್ಕೂ ತಾರೀಖಿನ ಚೀಟಿ ಅಂಟಿತು. ಹಸುಗೂಸಿನ ಜಾತಕದಲ್ಲೂ ಅಷ್ಟು ವಿವರವಿರುವುದಿಲ್ಲ!

ಜೆ.ಪಿ. ನಗರದ ಮೆಕ್ಯಾನಿಕ್ ಬೇಡಿಕೊಂಡ: "ಸಾರ್, ಈ ಬ್ರೇಕ್ ಲೈನರ್ ಇನ್ನೂ ಎರಡು ವರ್ಷ ಬರುತ್ತೆ."

"ಯಾರಪ್ಪ ಹೇಳಿದ್ದು?"

"ನಾನೇ ಹೇಳ್ತಿದೀನಲ್ಲ ಸಾರ್!"

"ಅದೇ ತೊಂದರೆ. ಬಿಚ್ಚು."

ಹೀಗೆ ಮೂರು ವಾರ ಕಳೆದವು. ತಂಗಿ ನನಗೆ ಫೋನ್ ಮಾಡಿ ಗೋಳಾಡಿದಳು: "ಅಣ್ಣ, ಭಾನುವಾರ ಮಧ್ಯಾಹ್ನ ಜೇಸಿಬಿ ಬರುತ್ತೆ. ಗಿಡಗಳೆಲ್ಲ ಮಣ್ಣುಪಾಲಾಗುತ್ವೆ. ಇವರು ನೋಡಿದ್ರೆ ಗಾಡಿಗೆ ಎಣ್ಣೆಸ್ನಾನ ಮಾಡಿಸ್ತಾ ಕೂತಿದಾರೆ!"

ಭಾನುವಾರ ಬೆಳಿಗ್ಗೆ ಲಾರಿ ಬಂತು. ಜೇಸಿಬಿ ಬರುವ ಮೊದಲೇ ಕೊನೆಯ ಕುಂಡವೂ ಲಾರಿ ಹತ್ತಿತು. ಒಂದು ಮಲ್ಲಿಗೆ ಸಸಿಯನ್ನು ಮಾತ್ರ ತಂಗಿ ಯಾರಿಗೂ ಕೊಡದೆ ಮಡಿಲಲ್ಲೇ ಇಟ್ಟುಕೊಂಡು ಮುಂದಿನ ಸೀಟಿನಲ್ಲಿ ಕುಳಿತಳು. ಬನಶಂಕರಿ ದಾಟಿ, ಉತ್ತರಹಳ್ಳಿ ರಸ್ತೆಯ ಏರಿನಲ್ಲಿ ಹೊಸ ಜನ್ಮ ಪಡೆದ ಆ ಲಾರಿ ಎರಡು ಬಾರಿ ಬಿಕ್ಕಳಿಸಿ ನಿಂತಿತು. ಜೊತೆಗೆ ಹೊರಟಿದ್ದ ನಾನೂ ಅವರೂ ಇಳಿದು ಬಗ್ಗಿದೆವು, ಬೆಲ್ಟು ಮುಟ್ಟಿದೆವು, ಚೀಟಿಗಳನ್ನು ಓದಿದೆವು. ಎಲ್ಲವೂ ಶುದ್ಧ!

ಹಿಂದಿನಿಂದ ಬಂದ ಆಟೋದವನು ಇಣುಕಿ, "ಅಂಕಲ್, ಡೀಸೆಲ್ ಐತಾ?" ಎಂದ.

ಮುಳ್ಳು ಅರ್ಧ ತೋರಿಸುತ್ತಿತ್ತು. ಟ್ಯಾಂಕಿಗೆ ಕಡ್ಡಿ ಇಳಿಸಿದರೆ ಒಣಕಡ್ಡಿಯೇ ಮೇಲೆ ಬಂತು. ಆ ಮಾರಾಟಗಾರ ಹೇಳಿದ್ದ ಏಕೈಕ ಸತ್ಯವನ್ನು ಆರಿಸಿ ತೆಗೆದು ಅಪನಂಬಿಕೆ ತೋರಿದ ಪಂಡಿತರು ನಾವು!

ಆಟೋದವನೇ ಕ್ಯಾನು ಹಿಡಿದು ಬಂಕಿಗೆ ಹೋದ. ರಸ್ತೆಬದಿಯ ಕಲ್ಲಿನ ಮೇಲೆ ಕುಳಿತು ನಾನು ಕೆಣಕಿದೆ: "ಅರ್ಧ ಗಂಟೆ ದಾರಿಗೆ ಮೂರು ವಾರ ರಿಪೇರಿ! ಡೀಸೆಲ್ ಒಂದು ಬಿಟ್ಟು ಮಿಕ್ಕಿದ್ದೆಲ್ಲ ನೋಡಿದ್ರಲ್ಲ ನೀವು?"

ಅವರು ನಗಲಿಲ್ಲ.

"ಡೀಸೆಲ್ ಮುಗಿದ್ರೆ ಗಾಡಿ ನಿಲ್ಲುತ್ತೆ, ಅಷ್ಟೇ ಭಾವ. ಬ್ರೇಕ್ ಹೋದ್ರೆ ನಿಲ್ಲಲ್ಲ. ಪಕ್ಕದಲ್ಲಿ ಇವಳು ಕೂತಿರ್ತಾಳೆ."

ನಾನು ಲಾರಿಯತ್ತ ತಿರುಗಿ ನೋಡಿದೆ. ಕ್ಯಾಬಿನ್ನಿನಲ್ಲಿ ತಂಗಿ ಸಸಿಯನ್ನು ತಬ್ಬಿಕೊಂಡೇ ನಿದ್ದೆ ಹೋಗಿದ್ದಳು. ಕಿಟಕಿಯಿಂದ ಬಿಸಿಲು ನೇರವಾಗಿ ಅವಳ ಮುಖಕ್ಕೆ ಬೀಳುತ್ತಿತ್ತು. ಅವರು ಎದ್ದು ಹೋಗಿ, ಸದ್ದು ಮಾಡದೆ ಆ ಕಿಟಕಿಗೆ ಅಡ್ಡವಾಗಿ ನಿಂತರು. ಡೀಸೆಲ್ ಬರುವವರೆಗೂ ಅಲ್ಲಿಂದ ಕದಲಲಿಲ್ಲ.