ಬೇಕಂತ ಮಾಡಿದ ತಪ್ಪು

ನಮ್ಮ ಷಡ್ಡಕರು ದೇವರನ್ನು ನಂಬುತ್ತಿದ್ದರು, ಪಂಚಾಂಗವನ್ನು ನಂಬುತ್ತಿರಲಿಲ್ಲ. ದೇವರು ಏಕಾದಶಿಯನ್ನು ಸರಿಯಾದ ದಿನಕ್ಕೇ ಕಳಿಸಿರುತ್ತಾನೆ, ನಡುವೆ ಅಚ್ಚು ಹಾಕುವವನು ಏನು ಮಾಡಿದನೋ ಬಲ್ಲವರಾರು ಎಂಬುದು ಅವರ ವಾದ. ಆದಕಾರಣ ಪ್ರತಿ ಯುಗಾದಿಗೂ ಮೂರು ಊರುಗಳ ಪಂಚಾಂಗ ತರಿಸಿ ತಾಳೆ ನೋಡುತ್ತಿದ್ದರು. ಮೂರೂ ಒಪ್ಪಿದರೆ ಸಂಶಯ ತೀರಬೇಕಲ್ಲವೇ? ಇಲ್ಲ, ಬೆಳೆಯುತ್ತಿತ್ತು.

"ಮೂರೂ ಒಂದ ಹೇಳಾಕತ್ತಾವು ಅಂದ್ರ ಒಬ್ಬರದು ಒಬ್ಬರು ನೋಡಿ ಬರದಾರ, ಪಂಡಿತರ."

ಷಡ್ಡಕರೆಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಲಿಂಗಸುಗೂರಿನ ಕಚೇರಿಯೊಂದರಲ್ಲಿ ಅಸಲನ್ನೂ ನಕಲನ್ನೂ ಎದುರುಬದುರು ಇಟ್ಟುಕೊಂಡು ತಪ್ಪು ಹುಡುಕುವುದೇ ಅವರ ಉದ್ಯೋಗವಾಗಿತ್ತು. ನಿವೃತ್ತಿಯಾದ ಮೇಲೆ ಉದ್ಯೋಗ ಹೋಯಿತು, ಹುಡುಕಾಟ ಉಳಿಯಿತು. ನಾನು ಮಸ್ಕಿಯ ಶಾಲೆಯೊಂದರಲ್ಲಿ ಮಕ್ಕಳಿಗೆ ವ್ಯಾಕರಣ ಹೇಳಿಕೊಡುತ್ತಿದ್ದವನು. ಅಷ್ಟಕ್ಕೇ ನನ್ನನ್ನು ಪಂಡಿತನೆಂದು ಕರೆಯುತ್ತಿದ್ದರು. ಅದು ಗೌರವವೋ ಅಣಕವೋ ಎಂಬ ಸಂಶಯ ನನಗೆ ಇಂದಿಗೂ ಇದೆ. ಸಹವಾಸದ ಫಲ!

ಅವರೊಡನೆ ಬಸ್ಸಿನಲ್ಲಿ ಹೋಗುವುದೂ ಒಂದು ತಪಸ್ಸು. ಸಿಂಧನೂರೆಂದು ಬೋರ್ಡಿರುವ ಬಸ್ಸು ಹತ್ತಿ, ಸಿಂಧನೂರಿಗೆ ಹೋಗುತ್ತದೆಯೇ ಎಂದು ಕಂಡಕ್ಟರನನ್ನು ಕೇಳುವರು. ಬಳಿಕ ಡ್ರೈವರನನ್ನು ಕೇಳುವರು. ಕೊನೆಗೆ ಪಕ್ಕದ ಪ್ರಯಾಣಿಕನ ಕಡೆ ಬಾಗಿ, "ನಿಮಗೂ ಸಿಂಧನೂರಂತನ ಹೇಳ್ಯಾರೇನು?" ಎಂದು ಪಿಸುಗುಟ್ಟುವರು. ಆ ಬಡಪಾಯಿ ಮಸ್ಕಿ ದಾಟುವವರೆಗೆ ಕಿಟಕಿಯ ಹೊರಗೇ ನೋಡುತ್ತ ಕೂತಿರುತ್ತಿದ್ದ.

ಇಂಥವರ ಕೈಗೆ ಲಿಂಗಸುಗೂರಿನ ಕ್ಲಬ್ಬಿನ ವಾರ್ಷಿಕ ಪತ್ರಿಕೆ ಸಿಕ್ಕಿತು. ಎಂಬತ್ತರ ದಶಕದ ಕೊನೆಯ ವರ್ಷಗಳವು. ಸಂಜೆ ಬ್ಯಾಡ್ಮಿಂಟನ್ ಮತ್ತು ಕೇರಂ ಆಡುವ ನೌಕರರ, ವ್ಯಾಪಾರಿಗಳ ಸಣ್ಣ ಕ್ಲಬ್ಬು, ಷಡ್ಡಕರೂ ಅದರ ಸದಸ್ಯರು. ಸದಸ್ಯರಿಗಾಗಿ ಯುಗಾದಿಗೆ ಒಂದು ಪತ್ರಿಕೆ ಹೊರಡುತ್ತಿತ್ತು. ಸಿಂಧನೂರಿನಲ್ಲಿ ಖಾದರ ಸಾಹೇಬರ, ಸೀಸದ ಅಕ್ಷರದ ಮೊಳೆ ಜೋಡಿಸುವ ಪ್ರೆಸ್ಸಿನಲ್ಲಿ ಅದರ ಅಚ್ಚು. ಪ್ರೂಫು ನೋಡುವುದು ಎಲ್ಲರ ಕೆಲಸವಾಗಿತ್ತು. ಎಂದರೆ ಯಾರೂ ನೋಡುತ್ತಿರಲಿಲ್ಲ.

ಒಂದು ವರ್ಷ ನನ್ನಿಂದಲೂ ಲೇಖನ ಕೇಳಿದರು. ಮಸ್ಕಿಯ ಬಂಡೆಯ ಮೇಲಿನ ಅಶೋಕನ ಶಾಸನದ ಬಗ್ಗೆ ಭಕ್ತಿಯಿಂದ ಬರೆದುಕೊಟ್ಟೆ. ಪ್ರೆಸ್ಸಿನಲ್ಲಿ ನನ್ನ ಪುಟ ಮತ್ತು ಕೇರಂ ಪಂದ್ಯದ ಪುಟ ಪಕ್ಕಪಕ್ಕ ಇದ್ದವಂತೆ. ಅಚ್ಚಾಗಿ ಬಂದಾಗ, ಸಾಮ್ರಾಟ ಅಶೋಕನು ಕಳಿಂಗ ಯುದ್ಧದ ರಕ್ತಪಾತ ಕಂಡು ಮನಸ್ಸು ಕರಗಿ, ಡಬಲ್ಸ್ ವಿಭಾಗದಲ್ಲಿ ಸ್ಟೀಲಿನ ಬಿಂದಿಗೆ ಗೆದ್ದಿದ್ದನು. ನಾನು ಎರಡು ದಿನ ಊಟದ ರುಚಿ ಮರೆತೆ. ಷಡ್ಡಕರು ಮಾತ್ರ ಕನ್ನಡಕ ಏರಿಸಿ ಗಂಭೀರವಾಗಿ ನುಡಿದರು:

"ಇದು ತಪ್ಪಲ್ಲ ಪಂಡಿತರ. ಬೇಕಂತ ಮಾಡ್ಯಾರ."

"ಅಶೋಕನ ಮ್ಯಾಲೆ ಯಾರಿಗೇನು ಸಿಟ್ಟೈತ್ರಿ?"

"ಅಶೋಕನ ಮ್ಯಾಲಲ್ಲ. ನಿಮ್ಮ ಮ್ಯಾಲೆ."

ಮರುವರ್ಷ ಅವರ ಸರದಿ ಬಂತು. ಗುರುಗುಂಟಾದ ಹಿರಿಯ ಸದಸ್ಯರೊಬ್ಬರು ತೀರಿಕೊಂಡಿದ್ದರು. ಶ್ರದ್ಧಾಂಜಲಿಯಲ್ಲಿ ಹೆಸರು ಅವರದು, ಮುಖ ಮಾತ್ರ ನಮ್ಮ ಷಡ್ಡಕರದು! ದೂರದ ನೆಂಟರೊಬ್ಬರು ಹೂವಿನ ಹಾರ ಹಿಡಿದು ಮನೆಗೆ ಬಂದರು. ಬಾಗಿಲು ತೆರೆದ ಷಡ್ಡಕರನ್ನೇ ಕಂಡು ಹಾರವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, ಸುಮ್ಮನೆ ಬಂದೆನೆಂದು ಚಹಾ ಕುಡಿದು ಹೋದರು. ಷಡ್ಡಕರು ನನ್ನನ್ನು ಎಳೆದುಕೊಂಡು ಸಿಂಧನೂರಿನ ಪ್ರೆಸ್ಸಿಗೆ ನಡೆದರು.

ಖಾದರ ಸಾಹೇಬರು ಸಮಾಧಾನದ ಮನುಷ್ಯರು. "ಫೋಟೋ ಅಚ್ಚು ಹಾಕೋ ಬ್ಲಾಕ್ ಮಾಡಸಾಕ ರಾಯಚೂರಿಗೆ ಕಳಿಸಬೇಕ್ರಿ. ಅಷ್ಟರಾಗ ಯುಗಾದಿ ಮುಗಿತೈತಿ. ಅವರ ಫೋಟೋದ ಬ್ಲಾಕ್ ಇರಲಿಲ್ಲ, ನಿಮ್ಮ ನಿವೃತ್ತಿ ಸುದ್ದಿಗೆ ಮಾಡಿಸಿದ್ದು ಹಳೇ ಡಬ್ಬಿಯೊಳಗಿತ್ತು. ಇಬ್ಬರ ಮೀಸಿನೂ ಒಂದ ನಮೂನಿ ಅದಾವಲ್ಲ?"

"ಮೀಸಿ ನೋಡಿ ಮನಶ್ಯಾರ ಗುರ್ತು ಹಿಡಿತೀರೇನು?"

"ನಮ್ಮ ಅಚ್ಚಿನ್ಯಾಗ ಮೀಸಿ ಒಂದ ಸ್ವಚ್ಛ ಮೂಡ್ತೈತ್ರಿ."

ಹಾಗೆಂದ ಸಾಹೇಬರು ಮೆಲ್ಲಗೆ ಸೇರಿಸಿದರು: "ಇಷ್ಟು ಕಾಳಜಿ ಇದ್ರ ನೀವ ಯಾಕ ಪ್ರೂಫ್ ನೋಡಬಾರದ್ರಿ?"

ಹಾಗೆ ಅವರು ಕೆಂಪು ಪೆನ್ಸಿಲು ಹಿಡಿದರು. ಕ್ಲಬ್ಬಿನ ಶಾಂತಿ ಅಂದಿಗೇ ಮುಗಿಯಿತು. ಅಕ್ಷರ ತಿದ್ದುವುದು ಅವರಿಗೆ ಸಾಲಲಿಲ್ಲ, ಅಚ್ಚಾಗುವ ಪ್ರತಿ ಸಂಗತಿಯೂ ನಿಜವೇ ಎಂದು ನೋಡಬೇಕು. ಬ್ಯಾಡ್ಮಿಂಟನ್ ಅಂಗಳದ ಅಳತೆ ಬರೆದಿದ್ದರೆ ಹಗ್ಗ ಹಿಡಿದು ಅಂಗಳಕ್ಕಿಳಿಯುವರು. ಸದಸ್ಯರೊಬ್ಬರ ಮಗಳ ಮದುವೆ ಬಳಗಾನೂರಿನಲ್ಲಿ ವಿಜೃಂಭಣೆಯಿಂದ ನಡೆಯಿತೆಂಬ ಸುದ್ದಿ ಇತ್ತು. ಷಡ್ಡಕರು ಬಸ್ಸು ಹಿಡಿದು ಬಳಗಾನೂರಿಗೇ ಹೋಗಿ, ಬೀಗರ ಮನೆಯಲ್ಲಿ ಊಟ ಮುಗಿಸಿ ಬಂದು ವರದಿ ಒಪ್ಪಿಸಿದರು:

"ಮದುವಿ ಆದದ್ದು ಖರೇ ಐತಿ. ವಿಜೃಂಭಣಿ ಅನ್ನೋದು ತಗೀರಿ."

ಅವರು ಯಾರ ಮನೆಯ ಮುಂದೆ ನಿಂತರೂ ಒಳಗಿನವರಿಗೆ ಅಂಜಿಕೆ. ಊರನ್ನೆಲ್ಲ ಸಂಶಯಿಸುತ್ತಿದ್ದವರನ್ನು ಈಗ ಊರೇ ಸಂಶಯಿಸತೊಡಗಿತು.

ಈ ಗದ್ದಲವನ್ನೆಲ್ಲ ನಗುನಗುತ್ತ ಸಹಿಸಿಕೊಂಡಿದ್ದವರು ಅವರ ಹೆಂಡತಿ. ನಾನು ಅವರನ್ನು ಅಕ್ಕನವರೆಂದೇ ಕರೆಯುತ್ತಿದ್ದೆ. ಪ್ರತಿ ಸಂಜೆ ದೀಪ ಹಚ್ಚಿ, ತಮ್ಮ ತಾಯಿ ಕಲಿಸಿದ ಆರತಿ ಪದವೊಂದನ್ನು ಹಾಡುತ್ತಿದ್ದರು. ದೊಡ್ಡ ದನಿಯೇನಲ್ಲ, ಆದರೆ ಕೇಳುತ್ತಿದ್ದರೆ ದೇವರು ಜಗುಲಿಯಿಂದ ಇಳಿದು ಬಳಿಯಲ್ಲೇ ಕುಳಿತಂತೆ ಅನ್ನಿಸುತ್ತಿತ್ತು. ಲಿಂಗಸುಗೂರಿಗೆ ಹೋಗುವ ಕೆಲಸವಿದ್ದರೆ ದೀಪ ಹಚ್ಚುವ ಹೊತ್ತಿಗೆ ಅವರ ಮನೆ ತಲುಪುವಂತೆ ನಾನು ಹೊರಡುತ್ತಿದ್ದೆ.

ಆ ವರ್ಷ ಕ್ಲಬ್ಬಿನ ವಾರ್ಷಿಕೋತ್ಸವದಲ್ಲಿ ಮಹಿಳೆಯರ ಕಾರ್ಯಕ್ರಮ ಇಟ್ಟರು. ಎಲ್ಲರ ಒತ್ತಾಯಕ್ಕೆ ಅಕ್ಕನವರು ವೇದಿಕೆ ಹತ್ತಿ ಅದೇ ಪದ ಎತ್ತಿಕೊಂಡರು. ಎರಡನೆಯ ನುಡಿ ಮುಗಿಯುವಷ್ಟರಲ್ಲಿ ಮೈಕು ಕೀರಲಿಟ್ಟಿತು. ಅವರು ಬೆಚ್ಚಿದರು, ಮುಂದಿನ ನುಡಿ ನೆನಪಾಗಲಿಲ್ಲ. ಹಾಡು ಮುಗಿಯಿತೆಂದು ತಿಳಿದು ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು, ಕೆಲವರು ನಕ್ಕರು. ಅಕ್ಕನವರು ಕೈಮುಗಿದು ಕೆಳಗಿಳಿದರು.

ಅಂದಿನಿಂದ ದೀಪ ಹಚ್ಚುವರು, ಸುಮ್ಮನೆ ಕೈಮುಗಿದು ಏಳುವರು. ಹಾಡಿಲ್ಲ. ನಾನು ಕೇಳಿಕೊಂಡೆ, ಅವರ ತಂಗಿಯಾದ ನನ್ನ ಹೆಂಡತಿ ಕೇಳಿಕೊಂಡಳು. "ಆ ಪದ ನನ್ನ ಕೈ ಬಿಟ್ಟೈತ್ರಿ" ಎಂದು ಒಳಗೆ ಹೋಗಿಬಿಡುವರು.

ಷಡ್ಡಕರು ಮೊದಮೊದಲು ಮೈಕಿನವನನ್ನೂ ಚಪ್ಪಾಳೆಯವನನ್ನೂ ಬಯ್ದರು: ಇಬ್ಬರೂ ಕೂಡಿ ಬೇಕಂತ ಮಾಡ್ಯಾರ. ಆಮೇಲೆ ಬಯ್ಯುವುದನ್ನೂ ಬಿಟ್ಟರು. ಒಂದು ದಿನ ಬಸ್ಸಿನಲ್ಲಿ ಯಾರನ್ನೂ ಏನನ್ನೂ ಕೇಳದೆ ಕುಳಿತವರು, "ಸಂಜಿ ಆತಂದ್ರ ಮನಿ ಮನಿಯಂಗ ಅನಸವಲ್ದು ಪಂಡಿತರ" ಎಂದರು. ಬಸ್ಸು ಎಲ್ಲಿಗೆ ಹೋಗುತ್ತದೆಂದು ಅವರು ವಿಚಾರಿಸದಿದ್ದುದು ಕಂಡು ನನಗೆ ಭಯವಾಯಿತು.

ಯುಗಾದಿಗೆ ಪತ್ರಿಕೆ ಬಂತು. ಇಷ್ಟು ಶುದ್ಧವಾದ ಸಂಚಿಕೆಯನ್ನು ಕ್ಲಬ್ಬು ಕಂಡಿರಲಿಲ್ಲ. ಆದರೆ ವಾರ್ಷಿಕೋತ್ಸವದ ವರದಿಯಲ್ಲಿ ಒಂದು ಸಾಲು ನನ್ನನ್ನು ಹಿಡಿದು ನಿಲ್ಲಿಸಿತು. ಅಕ್ಕನವರು ತಮ್ಮ ತವರಿನ ಆರತಿ ಪದವನ್ನು ಎಲ್ಲ ನುಡಿಗಳೊಂದಿಗೆ ಸಂಪೂರ್ಣವಾಗಿ ಹಾಡಿದರೆಂದೂ, ಸಭೆ ಮೌನವಾಗಿ ಆಲಿಸಿತೆಂದೂ ಅಲ್ಲಿ ಅಚ್ಚಾಗಿತ್ತು. ವರದಿ ಬರೆದಿದ್ದ ಕಾರ್ಯದರ್ಶಿಯನ್ನು ವಿಚಾರಿಸಿದೆ.

"ನಾ ಬರೇ ಹಾಡಿದರು ಅಂತ ಬರದಿದ್ದೆ ನೋಡ್ರಿ. ಉಳಿದದ್ದು ಎಲ್ಲಿಂದ ಬಂತೋ. ಕಡೀ ಪ್ರೂಫ್ ನಿಮ್ಮ ಷಡ್ಡಕರ ನೋಡ್ಯಾರ."

ಹಗ್ಗ ಹಿಡಿದು ಅಂಗಳ ಅಳೆದ ಮನುಷ್ಯನ ಕಣ್ಣು ಇದನ್ನು ದಾಟಿ ಹೋದೀತೇ? ಜೀವಮಾನದಲ್ಲಿ ಮೊದಲ ಸಲ ನಾನು ಅವರನ್ನೇ ಸಂಶಯಿಸುತ್ತ ಅವರ ಮನೆಗೆ ಹೋದೆ.

ಹೊತ್ತು ಮುಳುಗುತ್ತಿತ್ತು. ಅಕ್ಕನವರು ದೇವರ ಮನೆಯ ಹೊಸ್ತಿಲ ಬಳಿ ಪತ್ರಿಕೆ ಹಿಡಿದು ನಿಂತಿದ್ದರು. ಷಡ್ಡಕರು ಗೋಡೆಯ ಪಂಚಾಂಗ ಓದುತ್ತಿರುವಂತೆ ನಟಿಸುತ್ತಿದ್ದರು.

"ಇದರಾಗ ತಪ್ಪೈತ್ರಿ" ಎಂದರು ಅಕ್ಕನವರು.

"ಕಣ್ಣು ತಪ್ಪಿರಬೇಕು."

"ನಿಮ್ಮ ಕಣ್ಣು?"

ಷಡ್ಡಕರು ಪಂಚಾಂಗದಿಂದ ಮುಖ ತಿರುಗಿಸಲಿಲ್ಲ. ಅಕ್ಕನವರು ಆ ಬೆನ್ನಿಗೇ ಹೇಳಿದರು:

"ಯಾರೋ ಬೇಕಂತ ಮಾಡ್ಯಾರ."

"ಹಂಗ ಕಾಣತೈತಿ."

ಅಕ್ಕನವರು ಪತ್ರಿಕೆಯನ್ನು ಗಂಡನ ಕೈಗಿತ್ತು ಒಳಗೆ ಹೋದರು. ದೀಪ ಹಚ್ಚಿದರು. ಬಳಿಕ ಸಣ್ಣ ದನಿಯಲ್ಲಿ ಮೊದಲ ನುಡಿ ಬಂತು, ಎರಡನೆಯದು ಬಂತು. ಅಲ್ಲಿ ದನಿ ನಿಂತಿತು. ಷಡ್ಡಕರು ಪತ್ರಿಕೆಯ ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದರು. ಆಮೇಲೆ ಮೂರನೆಯ ನುಡಿ, ಅದರ ಬೆನ್ನಿಗೇ ಉಳಿದವು, ಒಂದೂ ಬಿಡದೆ ಬಂದವು.

ಹಾಡು ಮುಗಿದಾಗ ಅವರು ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸಿ, ಮತ್ತೆ ಹಾಕಿಕೊಂಡು, ಆ ಸಾಲನ್ನು ಮೊದಲಿನಿಂದ ಕೊನೆಯವರೆಗೆ ಇನ್ನೊಮ್ಮೆ ಓದಿದರು.

"ಸರಿ ಐತಿ ನೋಡ್ರಿ ಪಂಡಿತರ. ಇದರಾಗ ಏನೂ ತಪ್ಪಿಲ್ಲ."