ಮಜ್ಜಿಗೆಗೆ ಬಗ್ಗದ ಉಷ್ಣ

ಗುಪ್ತರೋಗದ ತಪಾಸಣೆ ಮಾಡುವ ಗಾಡಿಯ ಡ್ರೈವರ್ ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಗಾಡಿ ನಿಲ್ಲಿಸಿದರೆ ಸಾಕು, ಅದೇ ಬಂದು ಕಿಟಕಿ ತಟ್ಟುತ್ತದೆ. ನಾನು ಎಂಟನೇ ಕ್ಲಾಸಿನ ಅರ್ಧದಲ್ಲಿ ಶಾಲೆಗೆ ಕೈಮುಗಿದು ರಾಣೆಬೆನ್ನೂರಿನಿಂದ ಲಾರಿ ಹತ್ತಿದವನು. ಸೂರತ್ತಿನಲ್ಲಿ ಸೀರೆ ಗಂಟು ಹೊತ್ತೆ, ಬೇಜಾರಾಯಿತು, ಬಿಟ್ಟೆ. ಹಜೀರಾದಲ್ಲಿ ವೆಲ್ಡರುಗಳಿಗೆ ಊಟದ ಡಬ್ಬಿ ಮುಟ್ಟಿಸಿದೆ, ಅದೂ ಬೇಜಾರಾಯಿತು. ಈಗ ಒಂದು ಸಂಸ್ಥೆಯ ವ್ಯಾನು ಓಡಿಸುತ್ತೇನೆ. ಅಹಮದಾಬಾದ್, ವಡೋದರಾ, ಸೂರತ್, ಮೂರೂ ಊರಿನ ಕಾಲೇಜು, ಕಾರ್ಖಾನೆಗಳ ಮುಂದೆ ನಿಲ್ಲಿಸುವುದು ನನ್ನ ಕೆಲಸ. ಒಳಗೆ ಒಬ್ಬರು ಡಾಕ್ಟರ್ ಮೇಡಂ ಇರುತ್ತಾರೆ, ರಕ್ತ ತೆಗೆಯುವವನೊಬ್ಬ ಇರುತ್ತಾನೆ. ದಿನಕ್ಕೊಂದು ಜಾಗ, ಹಾಗಾಗಿ ಈ ಕೆಲಸ ಇನ್ನೂ ಬೇಜಾರಾಗಿಲ್ಲ.

ಇಲ್ಲಿ ಯಾರ ಹೆಸರೂ ಬರುವುದಿಲ್ಲ. ಮುಖ್ಯವಾಗಿ ಯಾರ ಕತೆಯೋ ಅವನೇ "ಬರಿ ಅಣ್ಣ, ಹೆಸರು ಮಾತ್ರ ಹಾಕಬೇಡ" ಅಂದಿದ್ದಾನೆ.

೧. ಮಣಿನಗರದ ರಕ್ತದಾನಿ

ಮೊದಲ ಸಲ ಗಾಡಿ ನಿಲ್ಲಿಸಿದ್ದು ಅಹಮದಾಬಾದಿನ ಮಣಿನಗರ ಸ್ಟೇಷನ್ನಿನ ಹೊರಗೆ. ಗಾಡಿಯ ಮೇಲೆ ಗುಜರಾತಿಯಲ್ಲಿ "ಯುವಜನರ ಆರೋಗ್ಯ, ಉಚಿತ ರಕ್ತಪರೀಕ್ಷೆ" ಎಂದಷ್ಟೇ ಬರೆಸಿದ್ದರು. ಗುಪ್ತರೋಗ ಅಂತ ಬರೆದರೆ ಜನ ಹತ್ತಿರ ಸುಳಿಯುವುದಿಲ್ಲವಂತೆ. ಮಧ್ಯಾಹ್ನದವರೆಗೂ ಯುವಜನರಲ್ಲಿ ಒಬ್ಬರೂ ಬರಲಿಲ್ಲ. ಬಂದವರು ಎಪ್ಪತ್ತರ ಆಸುಪಾಸಿನ ಒಬ್ಬ ಕಾಕಾ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಆಗಲೇ ಮಡಚಿಕೊಂಡ ತೋಳು. ಇದು ರಕ್ತದಾನದ ಗಾಡಿ ಅಂದುಕೊಂಡಿದ್ದರು. ಹಿಂದೆಯೇ ಅವರ ಹೆಂಡತಿ, ಕಾಕಿ, ಕೈಯಲ್ಲಿ ತರಕಾರಿ ಚೀಲ.

ಮೇಡಂ ಇದು ಅದಲ್ಲ ಎಂದು ಎರಡು ಸಲ ಹೇಳಿದರು. ಕಾಕಾ ಇಳಿಯಲೊಲ್ಲರು. "ಯಾವ ಪರೀಕ್ಷೆಯಾದರೂ ಸರಿ, ಬಂದವನು ಸುಮ್ಮನೆ ಹೋಗುವುದಿಲ್ಲ" ಅಂದರು. ಸರಿ, ಮೇಡಂ ಫಾರಂ ತೆಗೆದರು.

"ಕಾಕಾ, ಇದನ್ನ ಎಲ್ಲರಿಗೂ ಕೇಳಲೇಬೇಕು, ತಪ್ಪು ತಿಳಿಯಬೇಡಿ. ಹೋದ ಆರು ತಿಂಗಳಲ್ಲಿ ಯಾರ ಜೊತೆಗಾದರೂ ದೇಹಸಂಬಂಧ ಆಗಿದೆಯಾ?"

ಕಾಕಾ ಗಂಭೀರವಾಗಿ ಎದೆ ಸೆಟೆಸಿ ಬಾಯಿ ತೆರೆಯುವಷ್ಟರಲ್ಲಿ ಕಾಕಿ ಚೀಲ ಕೆಳಗಿಟ್ಟರು.

"ಇಲ್ಲ ಅಂತ ಬರ್ಕೊಳ್ಳಿ ಮೇಡಂ. ಹತ್ತು ವರ್ಷದಿಂದ ಇವರು ಟೀವಿ ರಿಮೋಟ್ ಬಿಟ್ಟು ಬೇರೆ ಏನನ್ನೂ ಮುಟ್ಟಿಲ್ಲ."

೨. ಗೋರ್ವಾದ ವೈದ್ಯ ಮಂಡಳಿ

ವಡೋದರಾದಲ್ಲಿ ನನ್ನ ವಾಸ ಗೋರ್ವಾದ ಒಂದು ಫ್ಲ್ಯಾಟಿನಲ್ಲಿ. ಕನ್ನಡದ ಮೂವರು ಹುಡುಗರು, ನಾಲ್ಕನೆಯವನು ನಾನು, ಬಚ್ಚಲು ಒಂದೇ. ಮೂವರಲ್ಲಿ ಒಬ್ಬ ದಾವಣಗೆರೆ ಕಡೆಯ ಇಂಜಿನಿಯರ್, ಇಪ್ಪತ್ತಾರು ವರ್ಷ. ಅವನಿಗೆ ಆಗಷ್ಟೇ ಮದುವೆ ಗೊತ್ತಾಗಿತ್ತು. ಹುಡುಗಿಯ ತಂದೆ ಬ್ಯಾಂಕಿನ ವರ್ಗದ ಮೇಲೆ ಸೂರತ್ತಿಗೆ ಬಂದು ಅಲ್ಲೇ ಉಳಿದುಕೊಂಡ ನಮ್ಮ ಕಡೆಯವರು. ಮುಹೂರ್ತಕ್ಕೆ ಎರಡು ತಿಂಗಳಿತ್ತು.

ಒಂದು ಬೆಳಿಗ್ಗೆ ಬಚ್ಚಲೊಳಗಿಂದ ಹಾಡಿನ ಬದಲು ನರಳಾಟ ಕೇಳಿಸಿತು. ಹೊರಗೆ ಬಂದವನನ್ನು ಉಳಿದಿಬ್ಬರೂ ತಡೆದು ನಿಲ್ಲಿಸಿದರು.

"ಏನಾಯ್ತೋ?"

"ಉರಿ ಕಣ್ರೋ. ಒಂದಕ್ಕೆ ಹೋದ್ರೆ ಬೆಂಕಿ ಬಿದ್ದಂಗಾಗುತ್ತೆ."

"ಉಷ್ಣ!" ಇಬ್ಬರೂ ಒಟ್ಟಿಗೆ ಅಂದರು.

ಅಲ್ಲಿಗೆ ತನಿಖೆ ಮುಗಿಯಿತು. ನಮ್ಮ ಜನಕ್ಕೆ ಮೊಡವೆ ಬಂದರೂ ಉಷ್ಣ, ಕಣ್ಣುರಿದರೂ ಉಷ್ಣ, ಕೂದಲುದುರಿದರೂ ಉಷ್ಣ. ಒಬ್ಬ ಜೀರಿಗೆ ನೆನೆಹಾಕಿದ, ಇನ್ನೊಬ್ಬ ಛಾಸ್ ತರಲು ಓಡಿದ. ಛಾಸ್ ಅಂದರೆ ಮಜ್ಜಿಗೆ. ಗುಜರಾತಿನಲ್ಲಿ ಅದಕ್ಕೇನು ಬರವಿಲ್ಲ. ನಾನು ಅವನನ್ನು ಬಾಲ್ಕನಿಗೆ ಕರೆದೆ.

"ಬರೀ ಉರಿನಾ? ಕೀವಿನ ಥರ ಏನಾದ್ರೂ ಬರ್ತಿದೆಯಾ?"

"ಸ್ವಲ್ಪ."

"ಅದು ಉಷ್ಣ ಅಲ್ಲ ತಮ್ಮಾ. ನಾಳೆ ನಮ್ಮ ವ್ಯಾನಿಗೆ ಬಾ."

ಅವನು ಮುಖ ಗಂಟು ಹಾಕಿದ. "ಅಣ್ಣ, ನಿಂದು ಎಂಟನೇ ಕ್ಲಾಸು."

"ಹೌದು. ಆದರೆ ಈ ಒಂದು ಸಬ್ಜೆಕ್ಟಿಗೆ ಮಾತ್ರ ನಾನು ದಿನಾ ಹಾಜರು."

ಅವನು ಬರಲಿಲ್ಲ. ಅಷ್ಟರಲ್ಲಿ ಕೆಳಮನೆಯ ಧಾರವಾಡದ ಅಕ್ಕನವರಿಗೆ ಸುದ್ದಿ ಮುಟ್ಟಿತ್ತು. ಅವರ ಯಜಮಾನರು ರೈಲ್ವೆಯಲ್ಲಿ, ಅಕ್ಕನವರು ಕನ್ನಡ ಬಳಗದಲ್ಲಿ. ಹರಳೆಣ್ಣೆ ಬಾಟಲಿ ಹಿಡಿದೇ ಮೇಲೆ ಬಂದರು.

"ಮೈಯಾಗಿನ ಉಷ್ಣ ಅದು. ಮಲಗೂಮುಂದ ಹೊಕ್ಕಳಕ್ಕ ಹಚ್ಕೋ, ಅಂಗಾಲಿಗೂ ತಿಕ್ಕೋ. ಮದವಿ ಹತ್ರ ಬಂತು, ಹಿಂಗ ಸೊರಗಿದ್ರ ಹೆಂಗಪಾ?"

ಹೇಳಿದ್ದು ಅವನಿಗೊಬ್ಬನಿಗೇ ಅಲ್ಲ. ಬಳಗದ ವಾಟ್ಸಾಪ್ ಗುಂಪಿನಲ್ಲೂ ಹಾಕಿದರು. ಸಂಜೆಯೊಳಗೆ ಬೇರೆ ಬೇರೆ ಮನೆಗಳಿಂದ ಮೆಂತ್ಯದ ಗಂಜಿ, ರಾಗಿ ಅಂಬಲಿ, ಬಾರ್ಲಿ ನೀರು ಬಂದವು. ಭಾನುವಾರ ಬಳಗದ ಸಭೆಗೆ ಹೋದರೆ ಅಧ್ಯಕ್ಷರು ಸ್ವಾಗತ ಭಾಷಣ ನಿಲ್ಲಿಸಿ, "ಈಗ ಹೇಗಿದೆಯಪ್ಪ ಉರಿ?" ಅಂದರು.

ಒಟ್ಟಿನಲ್ಲಿ ಇವನಿಗೆ ಒಂದಕ್ಕೆ ಹೋದರೆ ಏನಾಗುತ್ತದೆ ಎಂಬುದು ವಡೋದರಾದ ಕನ್ನಡಿಗರಿಗೆಲ್ಲ ಗೊತ್ತಾಯಿತು. ಗೊತ್ತಾಗದೆ ಉಳಿದದ್ದು ಡಾಕ್ಟರಿಗೆ ಮಾತ್ರ.

೩. ಗುಣವಾದ ಸಂಭ್ರಮ

ಮೂರನೇ ವಾರಕ್ಕೆ ಉರಿ ತಾನಾಗಿಯೇ ಇಳಿಯಿತು. ಫ್ಲ್ಯಾಟಿನಲ್ಲಿ ಪೇಡಾ ಹಂಚಿದರು. ಹರಳೆಣ್ಣೆಯಿಂದ ಅಂತ ಅಕ್ಕನವರು, ಛಾಸ್‌ನಿಂದ ಅಂತ ಒಬ್ಬ, ಜೀರಿಗೆಯಿಂದ ಅಂತ ಇನ್ನೊಬ್ಬ. ಜಗಳ ಎರಡು ದಿನ ನಡೆಯಿತು.

ನಾನು ಹೆಸರೆತ್ತದೆ ಮೇಡಂ ಹತ್ತಿರ ವಿಚಾರಿಸಿದ್ದೆ. ಅವರು ಹೇಳಿದ್ದನ್ನು ಹಾಗೇ ಅವನಿಗೆ ಒಪ್ಪಿಸಿದೆ.

"ಉರಿ ಹೋಯ್ತು ಅಂದ್ರೆ ರೋಗ ಹೋಯ್ತು ಅಂತಲ್ಲವಂತೆ. ಒಳಗೇ ಕೂತಿರುತ್ತಂತೆ. ಕೂಡಿದವರಿಗೆ ದಾಟುತ್ತೆ. ಹೆಂಗಸರಿಗೆ ಎಷ್ಟೋ ಸಲ ಉರಿನೂ ಇರಲ್ಲ, ಏನೂ ಇರಲ್ಲ, ಬಂದಿದ್ದೇ ಗೊತ್ತಾಗಲ್ಲ. ಮುಂದೆ ಮಕ್ಕಳಾಗೋದಕ್ಕೆ ತೊಂದರೆ ಆದಾಗ ಗೊತ್ತಾಗೋದು."

ಪೇಡಾ ತಿನ್ನುತ್ತಿದ್ದವನು ಅರ್ಧಕ್ಕೆ ನಿಲ್ಲಿಸಿದ. ಸೂರತ್ತಿನ ಹುಡುಗಿಯನ್ನು ಅವನು ಭೇಟಿಯಾದದ್ದು ನಾಲ್ಕೇ ಸಲ, ನಾಲ್ಕು ಸಲವೂ ನಡುವೆ ಒಬ್ಬ ಸೋದರತ್ತೆ ಕೂತಿದ್ದರು. ಇನ್ನೊಂದು ತಿಂಗಳಿಗೆ ಸೋದರತ್ತೆ ಎದ್ದು ಹೋಗುತ್ತಾರೆ. ಆಮೇಲೆ ಅವಳ ಗತಿ ಏನು? ಅದು ಅವನ ತಲೆಗೆ ಹೋದದ್ದು ಆಗ.

ಮೆಲ್ಲಗೆ ಬಾಯಿ ಬಿಟ್ಟ. ಅಹಮದಾಬಾದಿನಲ್ಲಿ ಅವನ ಜೊತೆ ಟ್ರೈನಿಂಗಿನಲ್ಲಿದ್ದ ಗುಜರಾತಿ ಹುಡುಗಿ ಒಬ್ಬಳಿದ್ದಳು. ಈ ಸಂಬಂಧ ಕೂಡಿಬರುವ ಸ್ವಲ್ಪ ಮುಂಚೆ ಇಬ್ಬರೂ ಒಪ್ಪಿಯೇ ಬೇರೆಯಾಗಿದ್ದರು.

"ಕಾಂಡೋಮ್ ಇರಲಿಲ್ವಾ?" ಅಂದೆ.

"ಇತ್ತಣ್ಣ. ಹರಿದುಹೋಯ್ತು."

"ಎಲ್ಲಿಟ್ಟಿದ್ದೆ?"

"ಪರ್ಸಲ್ಲಿ."

"ಯಾವಾಗಿಂದ?"

"ಕಾಲೇಜ್ ಫೇರ್‌ವೆಲ್ ದಿನದಿಂದ."

ಅಂದರೆ ನಾಲ್ಕು ವರ್ಷ. ಹಿಂದಿನ ಜೇಬಿನಲ್ಲಿ, ಗುಜರಾತಿನ ಬೇಸಿಗೆಯಲ್ಲಿ, ದಿನಾ ಅದರ ಮೇಲೇ ಕೂತು. ಪೊಟ್ಟಣದ ಮೇಲೆ ತಾರೀಖು ಇರುತ್ತದೆ, ತಂಪಾದ ಕಡೆ ಇಡಬೇಕು ಎಂದು ನಮ್ಮ ವ್ಯಾನಿನಲ್ಲಿ ಬಂದವರಿಗೆಲ್ಲ ಹೇಳುತ್ತೇವೆ. ಇವನಿಗೆ ಅದನ್ನು ಹೇಳಲು ನನಗೇ ನಾಚಿಕೆಯಾಯಿತು. ಯಾಕೆಂದರೆ ಕಾರ್ಖಾನೆಯಲ್ಲಿ ರಬ್ಬರ್ ಸೀಲುಗಳ ಅವಧಿ ಮುಗಿದಿದೆಯೇ ಎಂದು ನೋಡುವುದೇ ಇವನ ಉದ್ಯೋಗ.

೪. ಹೆಲ್ಮೆಟ್ ರೋಗಿ

ವಡೋದರಾದಲ್ಲಿ ಬೇಡ, ಬಳಗದವರು ಕಂಡರೆ ಕಷ್ಟ ಅಂದ. ಅಹಮದಾಬಾದಿಗೆ ಹೋಗುವ ದಿನ ವ್ಯಾನಿನಲ್ಲೇ ಕರೆದೊಯ್ದೆ. ನನ್ನ ಪಕ್ಕ ಹೆಲ್ಮೆಟ್ ಹಾಕಿಕೊಂಡು ಕೂತ. ಟೋಲ್ ಗೇಟಿನವನು ಅವನನ್ನೇ ನೋಡಿದ, ಆಮೇಲೆ ನನ್ನನ್ನು ನೋಡಿದ, ಯಾಕೋ ಸೀಟ್ ಬೆಲ್ಟ್ ಸರಿ ಮಾಡಿಕೊಳ್ಳಲು ಹೇಳಿದ.

ಮೇಡಂ ಎದುರು ಕೂತಾಗಲೂ ಹೆಲ್ಮೆಟ್ ತೆಗೆಯಲಿಲ್ಲ. ನನ್ನ ಕೈಯನ್ನೂ ಬಿಡಲಿಲ್ಲ. ಹಾಗಾಗಿ, ಅವನೇ ಬೇಕು ಅಂದಮೇಲೆ, ನಾನೂ ಒಳಗೆ ಕೂತೆ. ಮಾತೆಲ್ಲ ಹಿಂದಿಯಲ್ಲಿ.

"ಮೇಡಂ, ನನ್ನ ಒಬ್ಬ ಫ್ರೆಂಡಿಗೆ ಉರಿಮೂತ್ರ…"

"ಫ್ರೆಂಡಿನ ಮೂತ್ರ ತಂದಿದ್ದೀರಾ?"

"ಇಲ್ಲ."

"ಹಾಗಾದರೆ ನಿಮ್ಮದೇ ಕೊಡಿ." ಸಣ್ಣ ಡಬ್ಬಿ ಮುಂದೆ ತಳ್ಳಿದರು.

ಸ್ವಲ್ಪ ಹೊತ್ತು ಬಿಟ್ಟು ಹೆಲ್ಮೆಟ್ಟಿನೊಳಗಿಂದ ಇನ್ನೊಂದು ಪ್ರಶ್ನೆ. "ಕಂಪನಿಯ ಟಾಯ್ಲೆಟ್‌ನಿಂದ ಬಂದಿರಬಹುದಾ ಮೇಡಂ?"

"ಒಬ್ಬರೇ ಹೋಗಿದ್ದರೆ ಬರಲ್ಲ."

ಹೆಲ್ಮೆಟ್ ತಲೆತಗ್ಗಿಸಿತು. ಎಚ್‌ಐವಿ, ಸಿಫಿಲಿಸ್‌ಗೂ ನೋಡಬೇಕು ಅಂತ ರಕ್ತ ತೆಗೆಯಲು ಸೂಜಿ ಚುಚ್ಚಿದರು. ನಮ್ಮ ಇಂಜಿನಿಯರ್ ಕೂತಲ್ಲಿಂದ ಮುಂದಕ್ಕೆ ವಾಲಿ ದಡಾರನೆ ಬಿದ್ದ. ಹೆಲ್ಮೆಟ್ ಇತ್ತು, ಪೆಟ್ಟಾಗಲಿಲ್ಲ.

ವರದಿ ಬಂತು. ಗೊನೊರಿಯಾ. ಮೇಡಂ ಹೆದರಿಸಲಿಲ್ಲ. ಒಂದು ಇಂಜೆಕ್ಷನ್, ಜೊತೆಗೆ ಮಾತ್ರೆ, ಉರಿ ಇಲ್ಲ ಅಂತ ನಡುವೆ ನಿಲ್ಲಿಸುವಂತಿಲ್ಲ. ರಕ್ತದ ಪರೀಕ್ಷೆ ಸದ್ಯಕ್ಕೆ ಸರಿಯಾಗಿದೆ, ಆದರೆ ಆ ಘಟನೆಗೆ ಮೂರು ತಿಂಗಳು ತುಂಬಿದಾಗ ಇನ್ನೊಮ್ಮೆ ನೋಡಿದರೇ ಖಚಿತ. ಆ ಹಳೆಯ ಹುಡುಗಿಗೂ ತಿಳಿಸಬೇಕು, ಅವಳಿಗೂ ಚಿಕಿತ್ಸೆ ಆಗಬೇಕು.

ಇವನು ಬೆರಳು ಮಡಚಿ ಎಣಿಸಿದ. ಮೂರು ತಿಂಗಳು ತುಂಬುವುದು ಮದುವೆಯಾಗಿ ಎರಡು ವಾರದ ಮೇಲೆ.

"ಮೇಡಂ, ಟೆಸ್ಟ್ ಸ್ವಲ್ಪ ಮುಂಚೆ ಮಾಡೋಕಾಗಲ್ವಾ? ಇದು ಬಿಟ್ಟರೆ ಆರು ತಿಂಗಳು ಮುಹೂರ್ತ ಇಲ್ಲ."

ಮೇಡಂ ಕೈಗವಸು ಬಿಚ್ಚುತ್ತ ಹೇಳಿದರು. "ನಾನು ಪಂಚಾಂಗ ನೋಡಲ್ಲ. ಎಚ್‌ಐವಿನೂ ಪಂಚಾಂಗ ನೋಡಲ್ಲ."

೫. ಪಕ್ಕದ ಯೂನಿಟ್

ಸೂರತ್ತಿನ ಹುಡುಗಿಗೆ ಹೇಳದೆ ಬೇರೆ ದಾರಿ ಉಳಿಯಲಿಲ್ಲ. ಮದುವೆ ಮುರಿದರೂ ಸರಿ, ಅವಳಿಗೆ ಮೋಸ ಮಾಡಲ್ಲ ಅಂದ. ಅಂದಮೇಲೆ ನಾಲ್ಕು ದಿನ ಊಟ ಬಿಟ್ಟ. ಚಿಕಿತ್ಸೆ ಪೂರ್ತಿ ಮುಗಿಸಿದ ವಾರ ನಮ್ಮ ಗಾಡಿಗೆ ಸೂರತ್ ಪಕ್ಕದ ಹಜೀರಾದಲ್ಲಿ ಶಿಬಿರವಿತ್ತು, ಅವನೂ ಜೊತೆಗೆ ಬಂದ. ಹುಡುಗಿ ಅಲ್ಲಿಯ ಒಂದು ಕಾರ್ಖಾನೆಯಲ್ಲಿ ಸೇಫ್ಟಿ ಆಫೀಸರ್. ಮಧ್ಯಾಹ್ನ ಊಟದ ಹೊತ್ತಿಗೆ ಗೇಟಿನ ಹೊರಗಿನ ಚಹಾ ಅಂಗಡಿಗೆ ಬಂದಳು, ಕಿತ್ತಳೆ ಜಾಕೆಟ್, ದಪ್ಪ ಬೂಟು. ಹುಟ್ಟಿ ಬೆಳೆದದ್ದೆಲ್ಲ ಸೂರತ್ತಾದ್ದರಿಂದ ಅವಳ ಕನ್ನಡ ಸ್ವಲ್ಪ ಕುಂಟುತ್ತದೆ, ಆದರೆ ನಿಲ್ಲುವುದಿಲ್ಲ.

"ಅಣ್ಣ, ಹತ್ತಿರಾನೇ ಇರು" ಅಂದಿದ್ದ. ನಾನು ವ್ಯಾನಿನ ಗಾಜು ಒರೆಸುತ್ತ ನಿಂತೆ.

ಅವನು ಅವಳ ಮುಖ ನೋಡಲಿಲ್ಲ. ನಮ್ಮ ವ್ಯಾನಿನ ಹಿಂದಿನ ಟೈರು ನೋಡುತ್ತ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದ. ಅವಳು ಚಹಾ ಕುಡಿದು ಮುಗಿಸಿದಳು. ಲೋಟ ಇಟ್ಟಳು.

"ಟೆಸ್ಟ್ ಆಯ್ತು?"

"ಆಯ್ತು."

"ದವಾ ಪೂರಾ?"

"ಪೂರಾ."

"ತೀನ್ ಮಹಿನಾದ ಟೆಸ್ಟ್ ಬಾಕಿ?"

"ಬಾಕಿ."

"ಬರೋಬರ್. ಶಾದಿ ಅದರ ಆಮೇಲೆ. ಡೇಟ್ ಪೋಸ್ಟ್‌ಪೋನ್, ಪಪ್ಪಾಗೆ ನಾನು ಹೇಳ್ತೀನಿ. ರಿಪೋರ್ಟ್ ಬಂದ ಮೇಲೆ ಹಾಂ ಅಂದ್ರೂ ನಾನೇ ಅನ್ನೋದು, ನಹೀ ಅಂದ್ರೂ ನಾನೇ."

ಅವನು ತಲೆಯಾಡಿಸಿದ. ಬೇರೆ ಏನನ್ನೂ ಆಡಿಸುವ ಸ್ಥಿತಿಯಲ್ಲಿರಲಿಲ್ಲ.

"ಆ ಹುಡುಗಿಗೆ ಹೇಳಿದ್ರಾ?"

ಅವನು ಮತ್ತೆ ಟೈರು ನೋಡಿದ.

"ನಮ್ಮ ಪ್ಲಾಂಟಲ್ಲಿ ಗ್ಯಾಸ್ ಲೀಕ್ ಆದ್ರೆ ಫಸ್ಟ್ ಪಕ್ಕದ ಯೂನಿಟ್‌ಗೆ ಹೇಳ್ತೀವಿ. ಆಮೇಲೆ ಬೇರೆ ಎಲ್ಲ. ಫೋನ್ ತೆಗೀರಿ."

"ನಂಬರ್ ಬ್ಲಾಕ್ ಮಾಡಿದೀನಿ. ನಿಶ್ಚಿತಾರ್ಥದ ದಿನಾನೇ."

"ಅನ್‌ಬ್ಲಾಕ್ ಮಾಡಿ. ಸ್ಪೀಕರ್ ಹಾಕಿ."

ರಿಂಗಾಯಿತು. ಇವನು ನಡುಗುವ ಹಿಂದಿಯಲ್ಲಿ, ಎಚ್ಚರಿಕೆಯಿಂದ, ಇನ್‌ಫೆಕ್ಷನ್ ವಿಷಯ ಹೇಳಿದ. ನೀನೂ ತಪಾಸಣೆ ಮಾಡಿಸಬೇಕು ಅಂದ.

"ನಂದು ಟೆಸ್ಟ್ ಆಗಿ, ಔಷಧಿ ಮುಗಿದು ತಿಂಗಳಾಯ್ತು" ಅಂದಳು ಅಹಮದಾಬಾದಿನ ಹುಡುಗಿ. "ನಿನಗೆ ಹೇಳೋಣ ಅಂತ ಒಂಬತ್ತು ಸಲ ಫೋನ್ ಮಾಡಿದೆ. ಬ್ಲಾಕ್. ಮೇಲ್ ಹಾಕಿದೆ, ಉತ್ತರ ಇಲ್ಲ. ನಾನೇನು ವಾಪಸ್ ಬಾ ಅಂತ ಕರೀತೀನಿ ಅಂದ್ಕೊಂಡ್ಯಾ? ಡಾಕ್ಟರ್ ಹತ್ರ ಹೋಗು ಅನ್ನೋಕೆ ಕಣೋ ಫೋನ್ ಮಾಡಿದ್ದು!"

ಸೂರತ್ತಿನ ಹುಡುಗಿ ಅವನ ಕೈಯಿಂದ ಫೋನ್ ತೆಗೆದುಕೊಂಡಳು. ಸ್ಪೀಕರ್ ಆರಿಸಿದಳು. ಇಬ್ಬರೂ ಗುಜರಾತಿಗೆ ಇಳಿದರು. ಚಹಾ ಅಂಗಡಿಯಿಂದ ನಮ್ಮ ವ್ಯಾನಿನವರೆಗೆ ಹೋಗುತ್ತ ಬರುತ್ತ ಇಪ್ಪತ್ತು ನಿಮಿಷ ಮಾತಾಡಿದಳು. ಮೊದಲು ಗಂಭೀರವಾಗಿ, ಆಮೇಲೆ ಹೂಂಗುಟ್ಟುತ್ತ, ಕೊನೆಗೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತ. ನಡುನಡುವೆ ಇವನತ್ತ ತಿರುಗಿ, ಅಡಿಯಿಂದ ಮುಡಿಯವರೆಗೆ ನೋಡಿ, ಮತ್ತೆ ನಗುತ್ತಿದ್ದಳು.

ಮೂರು ವರ್ಷದಿಂದ ಗುಜರಾತಿನಲ್ಲಿದ್ದರೂ ನಮ್ಮ ಇಂಜಿನಿಯರ್ ಗುಜರಾತಿ ಕಲಿತಿರಲಿಲ್ಲ. ನನಗೆ ರಸ್ತೆಯೇ ಕಲಿಸಿತ್ತು. ಓಡಿ ಬಂದು ನನ್ನ ತೋಳು ಹಿಡಿದುಕೊಂಡ.

"ಅಣ್ಣ, ಏನು ಮಾತಾಡ್ತಿದಾರೆ? ಬೇಗ ಹೇಳು."

"ಮದುವೆಗೆ ಕರೀತಿದಾಳೆ" ಅಂದೆ.

ಅವನ ಮುಖ ಅರಳಿತು. ನಾಲ್ಕು ದಿನದ ಉಪವಾಸವೆಲ್ಲ ಒಂದೇ ಸಲ ಇಳಿದಂತಾಯಿತು. "ಅಂದ್ರೆ ಒಪ್ಕೊಂಡ್ಳು! ಒಪ್ಕೊಂಡ್ಳಲ್ವಾ ಅಣ್ಣ?"

"ಅವಸರ ಮಾಡಬೇಡ. ಅಹಮದಾಬಾದಿನವಳನ್ನ ಕರೆದಾಯ್ತು. ನಿನ್ನನ್ನ ಕರೆಯೋದು ರಿಪೋರ್ಟ್ ಬಂದಮೇಲಂತೆ."